ಬೇವಿನ ಬುಡದ ಮುಳ್ಳುಗಿಡ

ನಮ್ಮ ಮನೆಯ ಹಿತ್ತಲಿನಲ್ಲಿ ಒಂದು ಬೇವಿನ ಮರವಿದೆ. ಅದರ ಕಾಂಡದಿಂದ ಗೋಡೆಯ ಗೂಟದವರೆಗೆ ಬಟ್ಟೆ ಒಣಹಾಕುವ ತಂತಿಯನ್ನು ಕಟ್ಟಿದ್ದೆವು. ಆ ತಂತಿಯ ಕೆಳಗೆ, ಮರದ ಬುಡಕ್ಕೆ ಒಂದು ಮಾರಿನಷ್ಟು ದೂರದಲ್ಲಿ, ಯಾರೂ ನೆಡದ ಗಿಡವೊಂದು ನಾಲ್ಕು ವರ್ಷಗಳ ಕೆಳಗೆ ತಾನಾಗಿ ಹುಟ್ಟಿತು. ಮೊದಲನೆಯ ವರ್ಷ ಅದನ್ನು ಯಾರೂ ಗಮನಿಸಲಿಲ್ಲ. ಎರಡನೆಯ ವರ್ಷ ಮೊಣಕಾಲೆತ್ತರಕ್ಕೆ ಬಂದಿತು. ಮೂರನೆಯ ವರ್ಷ, ಅಂದರೆ ಕಳೆದ ವರ್ಷದ ಮಾಘಮಾಸದಲ್ಲಿ, ಅದು ನನ್ನ ಮನೆಯಾಕೆಯ ಹೊಸ ಸೀರೆಯ ಸೆರಗನ್ನು ಹಿಡಿದು ಒಂದು ಗೇಣು ಹರಿದುಹಾಕಿತು. ಅಂದಿನಿಂದ ಗಿಡವು ನಮ್ಮ ಮನೆಯಲ್ಲಿ ಒಂದು ವ್ಯಾಜ್ಯದ ವಿಷಯವಾಯಿತು.

"ಇದೇನು ಗಿಡ ಅಂತ ಹೇಳಿಬಿಡಿ. ಹೂವೋ ಹಣ್ಣೋ ಬಿಡುವುದಾದರೆ ಇರಲಿ. ಇಲ್ಲವಾದರೆ ನಾಳೆಯೇ ಕಡಿಸಿಹಾಕಿ. ಬೇಸಗೆಗೆ ಮಗು ಬರುತ್ತೆ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತೆ" ಎಂದು ಆಕೆ ಹೇಳಿದಳು.

ನ್ಯಾಯವಾದ ಮಾತು. ಆದರೆ ಉತ್ತರ ಹೇಳಲು ನನಗೆ ತಿಳಿದಿರಲಿಲ್ಲ. ನಾನು ಮೂವತ್ತನಾಲ್ಕು ವರ್ಷಕಾಲ ಈ ತುಮಕೂರಿನಲ್ಲಿ ಹುಡುಗರಿಗೆ ಸಂಸ್ಕೃತವನ್ನು ಕಲಿಸಿದವನು. ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಅಮರಕೋಶದ ಮೂರು ಕಾಂಡಗಳನ್ನೂ ಬಾಯಿಪಾಠ ಮಾಡಿದ್ದೆನು. ಎರಡನೆಯ ಕಾಂಡದ ವನೌಷಧಿವರ್ಗವೊಂದರಲ್ಲಿಯೇ ಮರ ಗಿಡ ಬಳ್ಳಿಗಳ ಹೆಸರುಗಳು ನೂರಾರು ಇರುವುವು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಡವರಿಸದೆ ಒಪ್ಪಿಸಬಲ್ಲೆನು. ಇಂಥವನು ಸ್ವಂತ ಹಿತ್ತಲಿನ ಒಂದು ಗಿಡದ ಮುಂದೆ, ಪಾಠ ಬಾರದ ಹುಡುಗನಂತೆ ಕೈಕಟ್ಟಿ ನಿಂತೆನು.

ಗಿಡದ ಲಕ್ಷಣವನ್ನು ಮೊದಲು ಹೇಳಿಬಿಡುತ್ತೇನೆ. ಹಳ್ಳಿಯಲ್ಲಿ ಬೆಳೆದ ಓದುಗರು ಇಲ್ಲಿಯೇ ನಕ್ಕಾರು. ಎಲೆಗಳು ಎದುರುಬದುರಾಗಿ ಜೋಡಿಜೋಡಿಯಾಗಿ ಹೊರಟಿದ್ದುವು. ಗಾತ್ರದಲ್ಲಿ ಚಿಕ್ಕವು, ಚರ್ಮದಂತೆ ದಪ್ಪವಾಗಿ ಗಡುಸಾಗಿ, ಮೇಲ್ಗಡೆ ಎಣ್ಣೆ ಸವರಿದಂತೆ ಹೊಳೆಯುತ್ತಿದ್ದುವು. ಮುಳ್ಳುಗಳೂ ಜೋಡಿಯೇ. ಬಾಗಿದ ಕೊಕ್ಕೆಮುಳ್ಳುಗಳಲ್ಲ, ದಬ್ಬಳದಂತೆ ನೆಟ್ಟಗಿರುವ ಗಟ್ಟಿಮುಳ್ಳುಗಳು. ಒಂದೆರಡರ ತುದಿ ಮಾತ್ರ ಎರಡಾಗಿ ಸೀಳಿತ್ತು. ಹೂವಿಲ್ಲ, ಕಾಯಿಲ್ಲ. ಹೂವು ಕಾಯಿಗಳಿಲ್ಲದ ಗಿಡವನ್ನು ಗುರುತಿಸುವುದು ಎಷ್ಟು ಕಷ್ಟವೆಂಬುದು ನನಗೆ ಆಗ ತಿಳಿಯಿತು.

ನೆರೆಮನೆಯವರು ಗೋಡೆಯ ಮೇಲಿಂದ ಇಣಿಕಿನೋಡಿ, "ಲಂಟಾನ, ಸಂದೇಹವೇ ಇಲ್ಲ" ಎಂದು ತೀರ್ಪುಕೊಟ್ಟರು. ಅವರಿಗೆ ಹೆಸರು ತಿಳಿಯದ ಪೊದೆಗಳೆಲ್ಲವೂ ಲಂಟಾನವೇ. ಲಂಟಾನದ ಎಳೆಯ ಕಡ್ಡಿಯನ್ನು ಬೆರಳಿನಲ್ಲಿ ಹೊರಳಿಸಿದರೆ ನಾಲ್ಕು ಮೂಲೆಗಳು ಕೈಗೆ ತಗಲುವುವು. ಎಲೆ ಒರಟು, ಅಂಚು ಗರಗಸದಂತೆ. ಹೊಸಕಿದರೆ ಮೂಗಿಗೆ ಹೊಡೆಯುವ ವಾಸನೆ. ಮುಳ್ಳು ಚಿಕ್ಕದು, ಹಿಂದಕ್ಕೆ ಬಾಗಿದ್ದು. ನಮ್ಮ ಗಿಡದಲ್ಲಿ ಇವೊಂದೂ ಇರಲಿಲ್ಲ. ಅಮೆರಿಕದ ಉಷ್ಣಪ್ರದೇಶದ ಆ ಗಿಡವನ್ನು 19ನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆಂದು ತಂದರು. ಈಗ ಅದು ಬಂಡೀಪುರದ ಮತ್ತು ಬಿಳಿಗಿರಿರಂಗನ ಬೆಟ್ಟದ ಕಾಡುಗಳಲ್ಲಿ ನೆಲವೇ ಕಾಣದಂತೆ ಹಬ್ಬಿಕೊಂಡಿದೆ. ಅದನ್ನು ಹಬ್ಬಿಸಿದವು ಬಹುಮಟ್ಟಿಗೆ ನಮ್ಮ ಹಕ್ಕಿಗಳೇ. ಹಣ್ಣು ಕಂಡರೆ ತಿನ್ನುವುವು, ಬೀಜ ಎಸೆಯುವುವು. ಸ್ವದೇಶ ಪರದೇಶಗಳ ವಿಚಾರ ಅವಕ್ಕಿಲ್ಲ.

ಬೆಂಗಳೂರಿನಿಂದ ಬಂದ ಮಗನು ಗಿಡದ ಚಿತ್ರವನ್ನು ಮೊಬೈಲ್ ಫೋನಿನಲ್ಲಿ ಹಿಡಿದು ಹೆಸರು ಕೇಳಿದನು. ಆ ಯಂತ್ರವು ಒಮ್ಮೆ ಮಲ್ಲಿಗೆಯೆಂದೂ ಒಮ್ಮೆ ದಾಳಿಂಬೆಯೆಂದೂ ಹೇಳಿ, ಮೂರನೆಯ ಸಲ ಇಂಗ್ಲಿಷಿನ ಯಾವುದೋ ಹೆಸರನ್ನು ಕೊಟ್ಟಿತು. ನನ್ನ ಸ್ಥಿತಿಗಿಂತ ಅದರ ಸ್ಥಿತಿ ಉತ್ತಮವಾಗಿರಲಿಲ್ಲವೆಂದು ನನಗೆ ಒಳಗೊಳಗೇ ಸಮಾಧಾನವಾಯಿತು.

ಆಮೇಲೆ ಬಂದವರು ನನ್ನ ಸ್ನೇಹಿತರಾದ ಒಬ್ಬ ಪಂಡಿತ ವೈದ್ಯರು. ಅವರು ಜೋಡಿ ಎಲೆಯನ್ನೂ ಜೋಡಿ ಮುಳ್ಳನ್ನೂ ನೋಡಿ ತಲೆಯಾಡಿಸಿ, "ಇದು ಮಂಗಾರೆ ಇರಬಹುದು. ನಮ್ಮ ಶಾಸ್ತ್ರದ ಮದನ" ಎಂದರು. ಮದನಫಲವೆಂದರೆ ವಮನಕ್ಕೆ ಕೊಡುವ ಔಷಧಗಳಲ್ಲಿ ಮೊದಲನೆಯದು. ಈ ಸಂಗತಿಯನ್ನು ಅವರು ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು. ಅಡಿಗೆಮನೆಯಿಂದ, "ವಾಂತಿ ಮಾಡಿಸೋ ಗಿಡವೇ? ಹಾಗಾದರೆ ಇವತ್ತೇ ಕಡಿಸಿ!" ಎಂಬ ಆಜ್ಞೆ ಹೊರಟಿತು. ನಾನು ಜ್ಯೇಷ್ಠಮಾಸದ ಕೊನೆಯವರೆಗೆ ಗಡುವನ್ನು ಬೇಡಿದೆನು. ಕಾಡುಗಿಡಗಳು ಫಲ ತಾಳುವ ಕಾಲ ಅದು. ದೇವರಾಯನದುರ್ಗದಲ್ಲಿ ಇದರ ಬಂಧುಬಳಗವಿದ್ದರೆ ಹಣ್ಣಿನ ಸಮೇತ ಕಂಡೀತೆಂಬುದು ನನ್ನ ಆಸೆ.

ದೇವರಾಯನದುರ್ಗವು ತುಮಕೂರಿಗೆ ಸುಮಾರು 15 ಕಿಲೋಮೀಟರು. ಜ್ಯೇಷ್ಠದ ಒಂದು ಬೆಳಿಗ್ಗೆ, ಗಿಡದ ಒಂದು ರೆಂಬೆಯನ್ನು ಒದ್ದೆಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡು ಹೊರಟೆನು. ಮುಂಗಾರಿನ ಮೊದಲ ಮಳೆಗಳು ಬಿದ್ದು ನೆಲ ತಣಿದಿತ್ತು. ದಾರಿಯಲ್ಲಿ ನಾಮದ ಚಿಲುಮೆ. ಶ್ರೀರಾಮನು ಹಣೆಗೆ ನಾಮವಿಟ್ಟುಕೊಳ್ಳಲು ನೀರು ಕಾಣದೆ ಬಂಡೆಗೆ ಬಾಣ ಬಿಟ್ಟನೆಂದೂ, ಅಲ್ಲಿ ಚಿಲುಮೆ ಹುಟ್ಟಿತೆಂದೂ ಸ್ಥಳದ ಕಥೆ. ಬಂಡೆಯಲ್ಲಿ ಒಂದು ಸಣ್ಣ ಗುಂಡಿ. ಅದರಲ್ಲಿ ತಿಳಿಯಾದ ನೀರು. ಆ ಗುಂಡಿಯನ್ನು ನಾನು ಹತ್ತಾರು ಸಲ ಶಾಲೆಯ ಮಕ್ಕಳಿಗೆ ತೋರಿಸಿದ್ದೇನೆ. ಸುತ್ತಲಿನ ಗಿಡಗಳಲ್ಲಿ ಒಂದನ್ನಾದರೂ ತೋರಿಸಿದ ನೆನಪಿಲ್ಲ.

ಚಿಲುಮೆಯಿಂದ ಮುಂದೆ ರಸ್ತೆ ಏರತೊಡಗುವುದು. ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದುಕೊಂಡಮೇಲೆ ಈ ದುರ್ಗಕ್ಕೆ ಈಗಿನ ಹೆಸರು ಬಂದಿತು. ಕೆಳಗಿನ ಹಂತದಲ್ಲಿ ಭೋಗನರಸಿಂಹಸ್ವಾಮಿ, ಮೇಲೆ ಯೋಗನರಸಿಂಹಸ್ವಾಮಿ. ಭೋಗ ಮೊದಲು, ಯೋಗ ಆಮೇಲೆ. ಮೊಣಕಾಲು ನೋಯುವ ವಯಸ್ಸಿನಲ್ಲಿ ಯೋಗಕ್ಕೆ ಮೆಟ್ಟಿಲು ಹತ್ತಬೇಕಾಗುವುದು. ಮಲೆನಾಡಿನ ಕಾಡಲ್ಲ ಇದು. ಬರಿಯ ಬಂಡೆ, ಬಂಡೆಯ ಸಂದುಗಳಲ್ಲಿ ಕುರುಚಲು, ಅಲ್ಲಲ್ಲಿ ತಗ್ಗಿನಲ್ಲಿ ಮಾತ್ರ ಎತ್ತರದ ಮರಗಳು. ಮೊದಲ ನೋಟಕ್ಕೆ ಎಲ್ಲ ಪೊದೆಯೂ ಒಂದೇ ಪೊದೆಯಂತೆ ಕಾಣುವುದು.

ಮೆಟ್ಟಿಲುಗಳ ಬಳಿ ನೆರಳಿನಲ್ಲಿ ಒಬ್ಬ ಮುದುಕಿ ಎಲೆಯ ದೊನ್ನೆಗಳಲ್ಲಿ ಹಣ್ಣನ್ನಿಟ್ಟುಕೊಂಡು ಕುಳಿತಿದ್ದಳು. ಕಡಲೆಗಿಂತ ದೊಡ್ಡ, ಕಪ್ಪು ನೇರಿಳೆ ಬಣ್ಣದ, ಹೊಳೆಯುವ ಹಣ್ಣುಗಳು.

"ಏನಜ್ಜಿ, ನೇರಳೆ ಇಷ್ಟು ಚಿಕ್ಕದೇ ಈ ಸಲ?" ಎಂದೆನು.

"ನೇರಳೆ ಅಲ್ಲ ಸ್ವಾಮಿ, ಕವಳೆ ಹಣ್ಣು. ತಿಂದು ನೋಡ್ರಿ, ಸಿಹಿಯಾಗೈತೆ. ಹತ್ತು ರೂಪಾಯ್ಗೆ ಒಂದು ದೊನ್ನೆ."

ಒಂದನ್ನು ಬಾಯಿಗೆ ಹಾಕಿಕೊಂಡೆನು. ಸಿಹಿ, ಹಿಂದೆಯೇ ಹುಳಿ, ತುಟಿಗೆ ಸ್ವಲ್ಪ ಅಂಟು. ನನ್ನ ಬಾಲ್ಯವು ಕಾವೇರಿಯ ತೀರದ ಒಂದು ಅಗ್ರಹಾರದಲ್ಲಿ ಕಳೆಯಿತು. ಅದು ನಾಲೆಯ ನೀರಿನ ಗದ್ದೆಬಯಲು. ಕುರುಚಲು ಬೆಟ್ಟ ಹತ್ತಿರವಿರಲಿಲ್ಲ. ವರ್ಷಕ್ಕೊಮ್ಮೆ ಒಬ್ಬ ಹೆಂಗಸು ಬುಟ್ಟಿಯಲ್ಲಿ ಹಸಿರು ಕವಳೆಕಾಯಿಯನ್ನು ಹೊತ್ತುತರುತ್ತಿದ್ದಳು. ತಾಯಿಯವರು ಅದನ್ನು ಜಜ್ಜಿ, ಉಪ್ಪುಹಾಕಿ ಎರಡು ಅಂಗೈಗಳ ನಡುವೆ ತಿಕ್ಕಿ, ಹಾಲಿನ ಅಂಟು ಹೋಗುವವರೆಗೆ ತೊಳೆದು, ಉಪ್ಪಿನಕಾಯಿ ಹಾಕುತ್ತಿದ್ದರು. ಅದನ್ನು ಮೊಸರನ್ನದೊಡನೆ ಎಷ್ಟೋ ತಿಂದಿದ್ದೇನೆ. ಬುಟ್ಟಿಯ ಆಚೆಗೆ ಅದಕ್ಕೆ ಗಿಡವೊಂದುಂಟು, ಆ ಗಿಡಕ್ಕೆ ಎಲೆಯುಂಟು ಮುಳ್ಳುಂಟು ಎಂಬ ಯೋಚನೆ ಎಂದೂ ಬಂದಿರಲಿಲ್ಲ.

"ಇದರ ಗಿಡ ಎಲ್ಲಿದೆಯಜ್ಜಿ? ಹೇಗಿರುತ್ತೆ?" ಎಂದು ಕೇಳುತ್ತ ದುಡ್ಡಿಗಾಗಿ ಚೀಲವನ್ನು ಬಿಚ್ಚಿದೆನು. ಒದ್ದೆಬಟ್ಟೆಯಿಂದ ರೆಂಬೆ ಹೊರಗೆ ಚಾಚಿಕೊಂಡಿತು. ಮುದುಕಿ ಅದನ್ನೂ ನನ್ನ ಮುಖವನ್ನೂ ನೋಡಿದಳು.

"ಗಿಡಾನೇ ಚೀಲದಾಗೆ ಇಟ್ಕೊಂಡು ಗಿಡ ಎಲ್ಲೈತೆ ಅಂತ ಕೇಳ್ತೀರಲ್ಲ ಸ್ವಾಮಿ!"

ನನಗೆ ಅವಳ ಮಾತಿನಲ್ಲಿ ನಂಬಿಕೆಯಾಗಲಿಲ್ಲ. ಪಂಡಿತರು ಮಂಗಾರೆಯೆಂದಿದ್ದರಷ್ಟೆ. ಅವಳು ಎದ್ದು, ನನ್ನನ್ನು ಹತ್ತು ಹೆಜ್ಜೆ ಆಚೆಗೆ ಒಂದು ಬಂಡೆಯ ಹಿಂದಕ್ಕೆ ಕರೆದುಕೊಂಡುಹೋದಳು. ಆಳೆತ್ತರದ ಪೊದೆ, ಅದೇ ಜೋಡಿ ಎಲೆ, ಅದೇ ಜೋಡಿ ಮುಳ್ಳು, ಮೈತುಂಬ ಹಸಿರು, ಕೆಂಪು, ಕಪ್ಪು ಕಾಯಿಹಣ್ಣುಗಳು. ಒಂದು ಎಲೆಯನ್ನು ಚಿವುಟಿದಳು. ತೊಟ್ಟಿನಿಂದ ಬೆಳ್ಳಗೆ ಹಾಲು ಒಸರಿತು. ಪಕ್ಕದಲ್ಲಿಯೇ ಹೆಚ್ಚುಕಡಮೆ ಅಂಥದೇ ಮತ್ತೊಂದು ಮುಳ್ಳುಪೊದೆ. ಅದರ ಎಲೆಯನ್ನೂ ಚಿವುಟಿದಳು. ಹಾಲಿಲ್ಲ.

"ಹಾಲು ಬಂದ್ರೆ ಕವಳೆ, ಬರ್ದಿದ್ರೆ ಕಾರೆ. ಅಷ್ಟೇಯ" ಎಂದಳು.

ಇದಕ್ಕಿಂತ ಚಿಕ್ಕದಾದ ಲಕ್ಷಣಸೂತ್ರವನ್ನು ನಾನು ಯಾವ ಶಾಸ್ತ್ರದಲ್ಲಿಯೂ ಕಂಡಿಲ್ಲ. ನಮ್ಮ ಬಯಲುಸೀಮೆಯ ಕುರುಚಲಿನಲ್ಲಿ ಜೋಡಿ ಎಲೆ, ಜೋಡಿ ಮುಳ್ಳುಗಳಿರುವ ಕಾರೆ, ಮಂಗಾರೆ ಮೊದಲಾದವು ಒಂದು ಕುಲ. ಅವುಗಳಲ್ಲಿ ಹಾಲಿಲ್ಲ, ಹಣ್ಣು ಹಳದಿ. ಎಲೆ ಮುಳ್ಳು ಎರಡೂ ಜೋಡಿಯಾಗಿದ್ದು ಮೇಲೆ ಹಾಲೂ ಬಂದರೆ ಅದು ಕವಳೆ. ಹೂವಿನ ಕಾಲವಾದರೆ ಇನ್ನೂ ಸುಲಭ: ರೆಂಬೆಯ ತುದಿಯಲ್ಲಿ ಗೊಂಚಲಾಗಿ, ಮಲ್ಲಿಗೆಯನ್ನು ಹೋಲುವ ಐದು ಎಸಳಿನ ಬಿಳಿಯ ಹೂವು, ಸುವಾಸನೆಯೂ ಮಲ್ಲಿಗೆಯದೇ.

ಆದರೆ ಮಕ್ಕಳಿರುವ ಮನೆಯವರು ಒಂದು ಮಾತನ್ನು ಮರೆಯಬಾರದು. ಹಾಲು ಬಂದಮಾತ್ರಕ್ಕೆ ಹಣ್ಣು ತಿನ್ನತಕ್ಕದ್ದೆಂದು ತಿಳಿಯಬಾರದು. ಕವಳೆಯು ಹುಟ್ಟಿರುವುದು ಕಣಗಿಲೆಯ ಕುಲದಲ್ಲಿ. ಪೂಜೆಗೆಂದು ಎಲ್ಲರ ಅಂಗಳದಲ್ಲಿರುವ ಕಣಗಿಲೆ, ಗಂಟೆಯಾಕಾರದ ಹೂವಿನ ಹಳದಿ ಕಣಗಿಲೆ, ಇವುಗಳ ಎಲೆಯನ್ನು ಮುರಿದರೂ ರಸ ಒಸರುವುದು. ಇವು ಪ್ರಾಣವನ್ನೇ ತೆಗೆಯುವ ವಿಷ. ಅವಕ್ಕೆ ಮುಳ್ಳಿಲ್ಲ. ಒಂದೇ ಮನೆತನದಲ್ಲಿ ಮುಳ್ಳಿರುವವನು ಸಾಧು, ಮೈ ನುಣುಪಾಗಿರುವವನು ಘಾತುಕ. ಮಗುವಿಗೆ ಗಿಡವನ್ನು ತೋರಿಸುವಾಗ ಮೂರು ಗುರುತುಗಳನ್ನೂ ಸೇರಿಸಿ ತೋರಿಸಬೇಕು. ಮೂರರಲ್ಲಿ ಒಂದು ತಪ್ಪಿದರೂ ಬಾಯಿಗೆ ಹಾಕಬಾರದು.

ಬಂಡೆಯ ಮೇಲೆ ಕುಳಿತು ದೊನ್ನೆಯನ್ನು ಬರಿದುಮಾಡುತ್ತಿರುವಾಗ ನನ್ನ ನಾಲಗೆಗೆ ತಾನಾಗಿ ಅಮರನ ಹೆಸರುಗಳು ಬಂದುವು: ಕೃಷ್ಣಪಾಕಫಲ, ಅವಿಗ್ನ, ಸುಷೇಣ, ಕರಮರ್ದಕ. ನಾಲ್ಕೂ ಕವಳೆಗೇ ಹೆಸರು. "ಕರಮರ್ದಕವೆಂದರೆ ಕವಳೆ" ಎಂದು ಎಷ್ಟು ತಂಡದ ಹುಡುಗರಿಗೆ ಹೇಳಿಕೊಟ್ಟಿರುವೆನೋ! ಅವಿಗ್ನವನ್ನು 'ಅವಿಘ್ನ' ಎಂದು ಬರೆದವರಿಗೆಲ್ಲ ಕೆಂಪು ಮಸಿಯ ಗೀಟು ಹಾಕಿದ್ದೇನೆ. ಸುಷೇಣನು ರಾಮಾಯಣದ ಕಪಿವೈದ್ಯನಲ್ಲವೇ, ಗಿಡಕ್ಕೇಕೆ ಆ ಹೆಸರು ಎಂದು ಕೇಳಿದ ಹುಡುಗನನ್ನು, ಉತ್ತರ ತಿಳಿಯದ್ದರಿಂದ, ಕುಳಿತುಕೋ ಎಂದು ಗದರಿಸಿದ್ದೇನೆ. ಕೃಷ್ಣಪಾಕಫಲ, ಮಾಗಿದಾಗ ಕಪ್ಪಾಗುವ ಫಲವುಳ್ಳದ್ದು. ಗುರುತು ಹೆಸರಿನಲ್ಲಿಯೇ ಇದೆ. ಕರಮರ್ದ, ಕೈಯಿಂದ ಉಜ್ಜುವುದು. ಇದು ನನ್ನ ತಾಯಿಯ ಅಂಗೈಗಳ ಕೆಲಸವೇ ಆಗಿರಬಹುದೆಂದು ಆ ಬಂಡೆಯ ಮೇಲೆ ನನಗೆ ತೋರಿತು; ವ್ಯಾಕರಣದ ಪ್ರಮಾಣವನ್ನು ಯಾರೂ ಕೇಳಬಾರದು. ಹಿಂದಿಯವರ ಕರೌಂದಾ, ನಮ್ಮ ಕರಾವಳಿಯ ಕರಂಡೆ, ಮಲೆನಾಡಿನ ಕೌಳಿ, ಉತ್ತರದ ಕವಳಿ ಎಲ್ಲವೂ ಇದೇ ಬಳಗ. ತೋಟದಲ್ಲಿ ಬೆಳೆಸುವ ಜಾತಿಗೆ ಹಣ್ಣು ದೊಡ್ಡದು, ಬೆಟ್ಟದ ಜಾತಿಗೆ ಚಿಕ್ಕದು. ಸಸ್ಯಶಾಸ್ತ್ರಜ್ಞ ಲಿನ್ನೇಯಸನು 1767ರಲ್ಲಿ ದೊಡ್ಡ ಜಾತಿಗೆ ಹೆಸರಿಟ್ಟಾಗ ನಮ್ಮ ಕರಂಡೆಯ ಧ್ವನಿಯುಳ್ಳ ಶಬ್ದವನ್ನೇ ಉಳಿಸಿಕೊಂಡು 'ಕರಿಸ್ಸಾ ಕರಂಡಾಸ್' ಎಂದನು.

ನಾನು ಕುಳಿತಲ್ಲಿಂದ ಆ ಪೊದೆ ಚೆನ್ನಾಗಿ ಕಾಣುತ್ತಿತ್ತು. ಮುದುಕಿ ಆಚೆ ಹೋದೊಡನೆ ಪಿಕಳಾರಗಳು ಬಂದುವು, ನಮ್ಮ ಹಿತ್ತಲಿಗೆ ಬರುವ ಕರಿತಲೆಯ, ಬಾಲದ ಬುಡ ಕೆಂಪಾದ ಪಿಕಳಾರಗಳೇ. ಮುಳ್ಳಿನ ನಡುವೆ ಮೈಗೆ ತಗಲದಂತೆ ನುಸುಳಿ, ಕಪ್ಪಾದುದನ್ನು ಮಾತ್ರ ಆರಿಸಿ ಇಡಿಯಾಗಿ ನುಂಗುತ್ತಿದ್ದುವು. ಕೆಂಪನ್ನು ಮುಟ್ಟಲಿಲ್ಲ. ಕೃಷ್ಣಪಾಕಫಲವೆಂಬ ಸಮಾಸದ ಅರ್ಥ ಅವಕ್ಕೆ ನನಗಿಂತ ಚೆನ್ನಾಗಿ ತಿಳಿದಿತ್ತು. ದುರ್ಬೀನು ಹಿಡಿದ ನಾಲ್ವರು ತರುಣರು ಸ್ವಲ್ಪ ದೂರದಲ್ಲಿ ನಿಂತಿದ್ದರು. ಅವರಲ್ಲೊಬ್ಬನು, "ಸಾರ್, ಬೇಗ ನೋಡಿ" ಎಂದು ದುರ್ಬೀನನ್ನು ನನ್ನ ಕೈಗೆ ಕೊಟ್ಟನು. ಬೂದು ಮೈ, ತಲೆಯೂ ಕೊರಳೂ ಹಳದಿ. ಹಳದಿ ಕೊರಳಿನ ಪಿಕಳಾರವಂತೆ. ದಕ್ಷಿಣ ಭಾರತದ ಇಂಥ ಬಂಡೆಗುಡ್ಡಗಳ ಕುರುಚಲನ್ನು ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲಿಯೂ ಆ ಹಕ್ಕಿ ಇಲ್ಲ. ಕಲ್ಲುಗಣಿಗೂ ಬೆಂಕಿಗೂ ಕುರುಚಲು ಅಳಿದಲ್ಲೆಲ್ಲ ಅದೂ ಅಳಿಯುತ್ತಿದೆಯೆಂದು ಆ ಹುಡುಗನು ಹೇಳಿದನು. ಅರ್ಧ ನಿಮಿಷ ಕುಳಿತು ಬಂಡೆಯ ಆಚೆಗೆ ಹಾರಿಹೋಯಿತು. ನಾನು ಯೋಗನರಸಿಂಹನ ದರ್ಶನ ಮಾಡಿಕೊಂಡು ಮಧ್ಯಾಹ್ನದ ಬಸ್ಸಿಗೆ ಇಳಿದುಬಂದೆನು.

ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಹಿತ್ತಲಿಗೆ ಹೋಗಿ ಒಂದು ಎಲೆಯನ್ನು ಚಿವುಟಿದೆನು. ಹಾಲು ಬಂದಿತು. ಮೂರು ವರ್ಷದಿಂದ ನಿತ್ಯವೂ ಅದರ ಮುಂದೆ ಓಡಾಡಿದ್ದೇನೆ. ಒಂದು ಎಲೆಯನ್ನು ಮುರಿದು ನೋಡಬೇಕೆಂದು ಹೊಳೆದಿರಲಿಲ್ಲ.

"ಕವಳೆಯೇ? ನಮ್ಮ ಅತ್ತೆಯವರು ಉಪ್ಪಿನಕಾಯಿ ಹಾಕುತ್ತಿದ್ದ ಕವಳೆಯೇ?" ಎಂದು ಮನೆಯಾಕೆ ಕೇಳಿದಳು. ಸ್ವಲ್ಪ ಹೊತ್ತು ಗಿಡವನ್ನು ನೋಡಿ, "ಇಲ್ಲಿಗೆ ಯಾರು ತಂದು ಹಾಕಿದರು?" ಎಂದಳು.

ಆ ಪ್ರಶ್ನೆ ರಾತ್ರಿ ನನಗೆ ನಿದ್ದೆ ಕೊಡಲಿಲ್ಲ. ತಂದು ಹಾಕಿದ್ದು ಪಿಕಳಾರವೆಂಬುದರಲ್ಲಿ ಸಂಶಯವಿಲ್ಲ. ತಂತಿಯ ಮೇಲೆ ಕುಳಿತು ಹಿಕ್ಕೆ ಹಾಕಿದ್ದು, ಹಿಕ್ಕೆಯಲ್ಲಿ ಬೀಜವಿದ್ದದ್ದು. ಆದರೆ ಪಿಕಳಾರವು ದುರ್ಗದಲ್ಲಿ ಉಂಡು ಹದಿನೈದು ಕಿಲೋಮೀಟರು ಹಾರಿ ನನ್ನ ತಂತಿಯ ಮೇಲೆ ಬಂದು ಕುಳಿತುಕೊಳ್ಳುವ ಹಕ್ಕಿಯಲ್ಲ. ನುಂಗಿದ ಬೀಜವನ್ನು ಸ್ವಲ್ಪ ಹೊತ್ತಿನಲ್ಲಿಯೇ ಹತ್ತಿರದಲ್ಲಿಯೇ ಹಾಕಿಬಿಡುವುದು. ಹಾಗಾದರೆ ತಾಯಿಗಿಡವು ಈ ಊರಿನಲ್ಲಿಯೇ, ನಮ್ಮ ಮನೆಯ ಸುತ್ತಿನಲ್ಲಿಯೇ ಇರಬೇಕು. ಎಲ್ಲಿ?

ಇಲ್ಲಿ ನಾನು ಒಂದು ಸಂಗತಿಯನ್ನು ಹೇಳಿಕೊಳ್ಳಬೇಕಾಗಿದೆ. ನಾನು ಕೆಲಸ ಮಾಡುತ್ತಿದ್ದ ಪ್ರೌಢಶಾಲೆಯು ನಮ್ಮ ಮನೆಗೆ ಎರಡು ಫರ್ಲಾಂಗು. ಅದರ ಆಟದ ಬಯಲಿನ ಪಶ್ಚಿಮಕ್ಕೆ ಹಳೆಯ ಕಾಲದ ಮುಳ್ಳುಬೇಲಿಯೊಂದಿತ್ತು. 2012ರಲ್ಲಿ, ನಾನು ಮುಖ್ಯೋಪಾಧ್ಯಾಯನಾಗಿದ್ದಾಗ, ಕಾಂಪೌಂಡು ಗೋಡೆಗೆ ಹಣ ಬಂದಿತು. ಪೊದೆಯಲ್ಲಿ ಹಾವುಗಳಿರುವುವೆಂದು ಪೋಷಕರ ದೂರೂ ಇತ್ತು. "ನಿರುಪಯುಕ್ತ ಮುಳ್ಳುಪೊದೆಗಳನ್ನು ಬುಡಸಹಿತ ತೆಗೆಸತಕ್ಕದ್ದು" ಎಂದು ನನ್ನ ಕೈಯಿಂದಲೇ ಬರೆದು ರುಜು ಮಾಡಿದೆನು. ಎರಡು ದಿನದಲ್ಲಿ ಬೇಲಿ ಇಲ್ಲವಾಯಿತು. ಆ ಬೇಲಿ ಇದ್ದ ಕಾಲದಲ್ಲಿ, ಶಾಲೆ ತೆರೆಯುವ ಜೂನ್ ತಿಂಗಳಿನಲ್ಲಿ, ಹಿಂದಿನ ಬೆಂಚಿನ ಹುಡುಗರ ತುಟಿ ನಾಲಗೆಗಳು ನೇರಿಳೆ ಬಣ್ಣವಾಗಿರುತ್ತಿದ್ದುವು. ಏನೋ ತಿಂದಿರೆಂದು ಗದರಿಸಿದರೆ, "ನೇರಳೆ ಹಣ್ಣು ಸಾರ್" ಎನ್ನುತ್ತಿದ್ದರು. ಶಾಲೆಯ ಸುತ್ತ ಒಂದು ನೇರಳೆಮರವೂ ಇರಲಿಲ್ಲವೆಂಬುದು ನನಗೆ ಆ ರಾತ್ರಿ ನೆನಪಿಗೆ ಬಂದಿತು.

ಬೆಳಗಾದಮೇಲೆ ಹೋಗಿ ನೋಡಿದೆನು. ಗೋಡೆಯ ಒಳಗೆ ಎಲ್ಲವೂ ಬಟ್ಟಬಯಲು. ನೀರಿನ ತೊಟ್ಟಿಯ ಹಿಂದೆ, ಗೋಡೆಗೂ ತೊಟ್ಟಿಗೂ ನಡುವಣ ಮೊಳದಗಲದ ಸಂದಿನಲ್ಲಿ, ಕೊಡಲಿಗೆ ಸಿಕ್ಕದೆ ಉಳಿದ ಒಂದು ಮೋಟಿನಿಂದ ಏಳೆಂಟು ಕವಲುಗಳು ಚಿಗುರಿ ಗೋಡೆಯ ಮೇಲಕ್ಕೆ ಬಂದಿದ್ದುವು. ಜೋಡಿ ಎಲೆ, ಜೋಡಿ ಮುಳ್ಳು. ಚಿವುಟಿದೆನು, ಹಾಲು. ಮೇಲಿನ ಕೊಂಬೆಗಳಲ್ಲಿ ಹಣ್ಣಿತ್ತು.

ಅಲ್ಲಿ ಈಗ ಗಣಿತವನ್ನು ಕಲಿಸುವ ಉಪಾಧ್ಯಾಯನು ನನ್ನ ಶಿಷ್ಯ. ನಾನು ತೊಟ್ಟಿಯ ಹಿಂದೆ ನಿಂತದ್ದನ್ನು ಕಂಡು ಓಡಿಬಂದನು. ಸಂಗತಿಯನ್ನು ಕೇಳಿ ನಕ್ಕು, "ನಮಗೆಲ್ಲ ಗೊತ್ತಿತ್ತು ಸಾರ್. ಬೇಲಿತುಂಬ ಕವಳೆಯೇ ಇತ್ತು. ನಿಮ್ಮ ಅಮರದ ಪಾಠಕ್ಕೆ ಜೇಬಿನಲ್ಲಿ ಇಟ್ಟುಕೊಂಡೇ ಬರುತ್ತಿದ್ದೆವು" ಎಂದನು.

"ಒಂದು ಮಾತು ನನಗೆ ಹೇಳಬಾರದಾಗಿತ್ತೇ?"

"ಹೇಳಿದ್ದರೆ ಬೇಲಿಗೆ ಹೋಗಿದ್ದಕ್ಕೆ ಹೊಡೆಯುತ್ತಿದ್ದಿರಿ ಸಾರ್."

ಅದು ನಿಜ. ನಾನು ಏನೂ ಹೇಳಲಿಲ್ಲ. ಮೋಟನ್ನು ಕಡಿಸದಂತೆ ನೋಡಿಕೊಳ್ಳುವೆನೆಂದು ಅವನು ಮಾತುಕೊಟ್ಟನು. ಹತ್ತಿಪ್ಪತ್ತು ಹಣ್ಣುಗಳನ್ನು ಕಿತ್ತು ನನ್ನ ಕರವಸ್ತ್ರದಲ್ಲಿ ಕಟ್ಟಿಯೂ ಕೊಟ್ಟನು. ಕವಳೆಯ ಬೀಜವನ್ನು ಬಹಳ ದಿನ ಇಡಬಾರದು. ಹಣ್ಣಿನಿಂದ ತೆಗೆದು ತೊಳೆದು, ಹೊಸದಾಗಿರುವಾಗಲೇ ಬಿತ್ತಬೇಕು. ಕಡ್ಡಿ ನೆಟ್ಟರೆ ಬೇರು ಹಿಡಿಯುವುದು ಕಷ್ಟ. ಬೇರೂರಿದ ಮೇಲೆ ನೀರಿನ ಹಂಗು ಅಷ್ಟಾಗಿ ಇಲ್ಲ. ಕಲ್ಲುನೆಲದಲ್ಲಿಯೂ ಬೇ­ಸಗೆಯನ್ನು ಕಳೆಯುವುದು. ಬೇಲಿಗೆ ಇದಕ್ಕಿಂತ ಒಳ್ಳೆಯ ಗಿಡ ನಮ್ಮ ಸೀಮೆಯಲ್ಲಿ ಸಿಕ್ಕುವುದು ಅಪರೂಪ. ನಾನು ಕುಂಡಗಳಲ್ಲಿ ಬಿತ್ತಿದವುಗಳಲ್ಲಿ ಒಂಬತ್ತು ಸಸಿಗಳು ಎದ್ದಿವೆ. ಆರನ್ನು ಶಾಲೆಯ ಗೋಡೆಯ ಉದ್ದಕ್ಕೂ ನೆಡಲು ಆ ಉಪಾಧ್ಯಾಯನಿಗೆ ಕೊಟ್ಟಿದ್ದೇನೆ. ಹಾವಿನ ದೂರು ಬಂದರೆ ಅವನೇ ಉತ್ತರ ಹೇಳಿಕೊಳ್ಳಬೇಕು, ನನಗೆ ವಯಸ್ಸಾಯಿತು.

ಹಿತ್ತಲಿನ ಗಿಡವನ್ನು ಕಡಿಸಲಿಲ್ಲ. ಅದಕ್ಕೆ ಬದಲಾಗಿ ಬಟ್ಟೆಯ ತಂತಿಯನ್ನು ಬಿಚ್ಚಿ, ಬಚ್ಚಲ ಮನೆಯ ಕಡೆಗೆ ಕಟ್ಟಿದೆವು. ಬಿಸಿಲು ಅಲ್ಲಿ ಕಡಮೆಯೆಂದು ಮಳೆಗಾಲದಲ್ಲೆಲ್ಲ ಮನೆಯಾಕೆಯ ಗೊಣಗಾಟವಿತ್ತು. ಈ ವರ್ಷ ಫಾಲ್ಗುಣದಲ್ಲಿ ಗಿಡವು ಮೊದಲ ಸಲ ಹೂಬಿಟ್ಟಿತು, ಎರಡು ಸಣ್ಣ ಗೊಂಚಲು. ಸಂಜೆ ಹಿತ್ತಲ ಬಾಗಿಲು ತೆರೆದರೆ ವಾಸನೆ ಬರುತ್ತಿತ್ತು. ನಾಲ್ಕು ಕಾಯಿ ನಿಂತವು. ಮೊಮ್ಮಗನಿಗೆ ಎಲೆ, ಮುಳ್ಳು, ಹಾಲು ಮೂರನ್ನೂ ತೋರಿಸಿ, ಕಪ್ಪಾಗುವವರೆಗೆ ಮುಟ್ಟಕೂಡದೆಂದು ಹೇಳಿದ್ದೆನು. ಅವನು ದಿನವೂ ಬೆಳಿಗ್ಗೆ ಎದ್ದು ನೋಡಿಬರುತ್ತಿದ್ದನು. ಆದರೆ ಅವನಿಗಿಂತ ಮುಂಚೆ ಏಳುವವರಿದ್ದರು. ಮೂರನ್ನು ಪಿಕಳಾರಗಳು ತಿಂದುವು. ನಾಲ್ಕನೆಯದನ್ನು ಮಗುವಿಗೆ ಕಿತ್ತುಕೊಟ್ಟೆನು. ಅವನು ಅರ್ಧವನ್ನು ಕಚ್ಚಿ, ಹುಳಿಯೆಂದು ಮುಖ ಸಿಂಡರಿಸಿ, ಉಳಿದರ್ಧವನ್ನು ಅಜ್ಜಿಯ ಬಾಯಿಗೆ ಇಟ್ಟನು.